ಪರದೇಶದಲ್ಲಿ ಧರ್ಮಸೇವೆ: ಏಳುಬೀಳುಗಳ ನಡುವೆ ಕೈಹಿಡಿದದ್ದು ಭಾಷೆ

ಹಿಮಾಯತ್‌ನಗರ: ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೈದರಾಬಾದಿಗೆ ಬಂದ ಕನ್ನಡಿಗರಿಗೆ ಮೊದಲ ದಿನಗಳ ಚಿಂತೆಗಳು ಹೆಚ್ಚುಕಡಿಮೆ ಒಂದೇ. ಬಾಡಿಗೆ ಮನೆ, ಮಕ್ಕಳ ಶಾಲೆ, ನಾಲಿಗೆಗೆ ಒಗ್ಗದ ಖಾರ, ಬಾಯಿಗೆ ಬಾರದ ಭಾಷೆ. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಉರ್ದುವೂ ತೆಲುಗೂ ಕಿವಿಗೆ ಬಿದ್ದೇ ಇರುತ್ತವೆ. 1956ರವರೆಗೆ ಆ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮೈಸೂರು, ಶಿವಮೊಗ್ಗ, ಉಡುಪಿ ಕಡೆಯಿಂದ ಬಂದವರು ಮಾತ್ರ ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿಯೇ ಕೆಲವು ತಿಂಗಳು ಕಳೆಯಬೇಕು. ಆದರೂ ಎಲ್ಲರಿಗೂ ಒಂದು ಧೈರ್ಯವಿದೆ. ಸಂಜೆ ಕಾಚಿಗುಡದಲ್ಲಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ಬೇಸರವಾದರೆ ಸಾಹಿತ್ಯ ಮಂದಿರದಲ್ಲಿ ನಾಲ್ಕು ಕನ್ನಡದ ಮಾತು ಕಿವಿಗೆ ಬೀಳುತ್ತದೆ.

ಈ ಎರಡು ಧೈರ್ಯವೂ ಇಲ್ಲದೆ ಊರು ಬಿಡುವ ಇನ್ನೊಂದು ವರ್ಗವಿದೆ. ಹೋಗುವ ಊರನ್ನು ಅವರು ಆರಿಸುವಂತಿಲ್ಲ. ಮನೆಗೆ ಬೇಕೆಂದಾಗ ಮರಳುವಂತಿಲ್ಲ. ಕೆಲಸ ಫಲಿಸಿತೋ ಇಲ್ಲವೋ ಎಂಬುದು ಕಚೇರಿಯ ಕಡತದಿಂದ ತಿಳಿಯುವಂಥದ್ದೂ ಅಲ್ಲ. ಅವರೇ ಪರದೇಶಕ್ಕೆ ಧರ್ಮಪ್ರಚಾರಕ್ಕೆಂದು ಹೋಗುವ ಮಿಷನರಿಗಳು. ಇಂದಿನ ಮಾರ್ಮನ್ ಯುವಕರಿಂದ ಹಿಡಿದು 19ನೇ ಶತಮಾನದಲ್ಲಿ ಕನ್ನಡ ನೆಲಕ್ಕೆ ಬಂದ ಜರ್ಮನ್ ಪಾದ್ರಿಗಳವರೆಗೆ ಇವರ ಕಷ್ಟಸುಖದ ಕಥೆ ಹೆಚ್ಚು ಬದಲಾಗಿಲ್ಲ. ಆ ಕಥೆಯ ಒಂದು ದೊಡ್ಡ ಭಾಗ ಕನ್ನಡದ ಕಥೆಯೂ ಹೌದು.

ಎರಡು ವರ್ಷದ ವರ್ಗಾವಣೆ

ಮಾರ್ಮನ್ನರೆಂದು ಜನ ಕರೆಯುವ ಪಂಗಡದ ಪೂರ್ಣ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್. ಜೋಸೆಫ್ ಸ್ಮಿತ್ ಎಂಬವರು 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದನ್ನು ಆರಂಭಿಸಿದರು. ಈಗ ಇದರ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಈ ಪಂಗಡದ ಯುವಕರು 18 ವರ್ಷ ತುಂಬಿದ ಮೇಲೆ ಎರಡು ವರ್ಷ ಮಿಷನರಿ ಸೇವೆಗೆ ಹೋಗುವುದು ರೂಢಿ. ಯುವತಿಯರ ಸೇವೆ ಒಂದೂವರೆ ವರ್ಷ. ಜಗತ್ತಿನಾದ್ಯಂತ 70 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಸೇವೆಯಲ್ಲಿದ್ದಾರೆ.

ಅವರ ನಿಯಮಗಳನ್ನು ಕೇಳಿದರೆ ನಮ್ಮ ಬ್ಯಾಂಕು, ರೈಲ್ವೆ, ಅಂಚೆ ಇಲಾಖೆಯ ವರ್ಗಾವಣೆಗಳು ಹಗುರವೆನಿಸುತ್ತವೆ. ಅರ್ಜಿ ಹಾಕುವುದಷ್ಟೇ ಅವರ ಕೈಯಲ್ಲಿದೆ. ಯಾವ ದೇಶ, ಯಾವ ಭಾಷೆ ಎಂಬುದು ಕೇಂದ್ರದಿಂದ ಆದೇಶ ಬಂದಾಗಲೇ ತಿಳಿಯುವುದು. ಸಂಬಳವಿಲ್ಲ. ಖರ್ಚನ್ನು ಸಾಮಾನ್ಯವಾಗಿ ಮಿಷನರಿಯೂ ಮನೆಯವರೂ ಹೊರಬೇಕು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ನಾಮಫಲಕ ಗಂಡುಮಕ್ಕಳ ಪರಿಚಿತ ಉಡುಪು. ಯಾವಾಗಲೂ ಇಬ್ಬಿಬ್ಬರಾಗಿಯೇ ಇರಬೇಕು, ಒಬ್ಬರನ್ನೊಬ್ಬರು ಬಿಟ್ಟು ತಿರುಗುವಂತಿಲ್ಲ. ಆ ಜೊತೆಗಾರ ಯಾರೆಂಬುದನ್ನೂ ಮೇಲಿನವರೇ ನಿಶ್ಚಯಿಸುತ್ತಾರೆ. ಸಿನಿಮಾ ಇಲ್ಲ, ಪ್ರೇಮ ಪ್ರಸಂಗಕ್ಕೆ ಅವಕಾಶವಿಲ್ಲ. ಈ ಪಂಗಡದವರು ಮದ್ಯ, ತಂಬಾಕಿನ ಜೊತೆಗೆ ಕಾಫಿ ಮತ್ತು ಚಹಾವನ್ನೂ ಮುಟ್ಟುವುದಿಲ್ಲ. ಇರಾನಿ ಚಹಾದ ಊರಾದ ಹೈದರಾಬಾದಿನಲ್ಲಿ ಇದೂ ಒಂದು ಪರೀಕ್ಷೆಯೇ ಸರಿ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮನೆಯ ನೆನಪು. 2019ರ ಫೆಬ್ರವರಿಯವರೆಗೆ ಮನೆಗೆ ಫೋನ್ ಮಾಡಲು ಇದ್ದ ಅವಕಾಶ ವರ್ಷಕ್ಕೆ ಎರಡೇ ಬಾರಿ, ಕ್ರಿಸ್ಮಸ್ ಹಾಗೂ ತಾಯಂದಿರ ದಿನದಂದು. ಉಳಿದಂತೆ ವಾರಕ್ಕೊಂದು ಪತ್ರ ಅಥವಾ ಇಮೇಲ್. ಆ ತಿಂಗಳಿನಿಂದ ವಾರಕ್ಕೊಮ್ಮೆ ಮಾತಾಡುವ ಅನುಮತಿ ಸಿಕ್ಕಿತು. ಹದಿನೆಂಟು, ಹತ್ತೊಂಬತ್ತರ ವಯಸ್ಸಿನಲ್ಲಿ ಕಂಡ ಕಂಡ ಬಾಗಿಲಲ್ಲಿ ‘ಬೇಡ’ ಎನಿಸಿಕೊಂಡು ಕೋಣೆಗೆ ಮರಳುವ ಹುಡುಗನಿಗೆ ತಾಯಿಯ ದನಿ ಕೇಳಲು ಆರು ತಿಂಗಳು ಕಾಯಬೇಕಿತ್ತು ಎಂದರೆ ಅದರ ಭಾರ ಹೆತ್ತವರಿಗೆ ಹೇಳಬೇಕಾಗಿಲ್ಲ. ಆರೋಗ್ಯ ಕೆಟ್ಟೋ ಮನಸ್ಸು ಕುಗ್ಗಿಯೋ ಅವಧಿಗೆ ಮೊದಲೇ ಮರಳಿದವರಿಗೆ ತಮ್ಮವರ ನಡುವೆಯೇ ತಲೆ ತಗ್ಗಿಸಿ ನಡೆಯುವ ಸಂಕೋಚ ಕಾಡುವುದುಂಟು. ಇದು ಅವರ ಪಂಗಡದೊಳಗೇ ಚರ್ಚೆಯಾಗಿರುವ ಸಂಗತಿ.

ಲಾಭವೂ ಇಲ್ಲದಿಲ್ಲ. ಅಡುಗೆ, ಬಟ್ಟೆ ಒಗೆತ, ಲೆಕ್ಕದಲ್ಲಿ ಖರ್ಚು, ಒಗ್ಗದ ಸ್ವಭಾವದವನೊಡನೆ ಒಂದೇ ಕೋಣೆಯಲ್ಲಿ ಹೊಂದಾಣಿಕೆ ಇವೆಲ್ಲ ಎರಡು ವರ್ಷದಲ್ಲಿ ಕೈವಶವಾಗುತ್ತವೆ. ಹೊಸ ಭಾಷೆಯ ಸೀಮೆಗೆ ಹೋದವನಿಗೆ ಜೀವನಪೂರ್ತಿ ಉಳಿಯುವ ಗಳಿಕೆಯೆಂದರೆ ಆ ಭಾಷೆ.

ಈ ಪಂಗಡಕ್ಕೂ ಹೈದರಾಬಾದಿಗೂ ಇರುವ ನಂಟು ಹಲವರಿಗೆ ತಿಳಿದಿರಲಾರದು. ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಕೀಟವಿಜ್ಞಾನಿಯಾಗಿದ್ದ ಎಡ್ವಿನ್ ಧರ್ಮರಾಜು ಮತ್ತು ಪತ್ನಿ ಎಲ್ಸಿ ಅಲ್ಲಿಯೇ ಈ ಪಂಗಡ ಸೇರಿದವರು. 1978ರ ಡಿಸೆಂಬರಿನಲ್ಲಿ ಅವರು ಮಿಷನರಿಗಳಾಗಿ ಹೈದರಾಬಾದಿಗೆ, ತಮ್ಮದೇ ಬಂಧುಬಳಗದ ನಡುವೆ ಬಂದರು. ಆಗ ಕುಟುಂಬದ 22 ಮಂದಿ ದೀಕ್ಷೆ ಪಡೆದರು. ಎಲ್ಸಿಯವರ ತಂದೆ ಬ್ಯಾಪ್ಟಿಸ್ಟ್ ಪಾದ್ರಿ. ಪಂಗಡದ ಗ್ರಂಥವನ್ನು ತೆಲುಗಿಗೆ ತಂದವರು ಅವರೇ. 2012ರ ಮೇ 27ರಂದು ಭಾರತದ ಮೊದಲ ‘ಸ್ಟೇಕ್’, ಅಂದರೆ ಹಲವು ಸಭೆಗಳನ್ನು ಒಳಗೊಂಡ ವಲಯ, ರಚನೆಯಾದದ್ದು ಹೈದರಾಬಾದಿನಲ್ಲೇ. ಎಲ್ಲಿಂದಲೋ ಬಂದ ಅಪರಿಚಿತರಿಗೆ ದಕ್ಕದ್ದು ಮನೆಮಾತು ಬಲ್ಲ ದಂಪತಿಗೆ ದಕ್ಕಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಯಾಕೆಂದರೆ ಅದಕ್ಕೂ 125 ವರ್ಷ ಹಿಂದೆ ಇದೇ ಪಂಗಡ ಭಾರತದಲ್ಲಿ ಕೈಸುಟ್ಟುಕೊಂಡಿತ್ತು.

1853: ಒಂದೇ ವರ್ಷ, ಎರಡು ದಾರಿ

1850ರ ದಶಕದ ಮೊದಲ ವರ್ಷಗಳಲ್ಲಿ ಮಾರ್ಮನ್ ಮಿಷನರಿಗಳು ಕಲ್ಕತ್ತಾ, ಮುಂಬಯಿ, ಪುಣೆ, ಮದ್ರಾಸು ಮುಂತಾದೆಡೆ ಬಂದಿಳಿದರು. 1853ರಲ್ಲಿ ಯೂಟಾದಿಂದ ದೊಡ್ಡ ತಂಡವೇ ಕಲ್ಕತ್ತಾ ತಲುಪಿತು. ರಿಚರ್ಡ್ ಬ್ಯಾಲಂಟೈನ್ ಎಂಬವರು ಅದೇ ವರ್ಷ ಮದ್ರಾಸಿನಲ್ಲಿ ಕೆಲಸ ಆರಂಭಿಸಿದರು. ಕೈಯಲ್ಲಿ ಹಣವಿಟ್ಟುಕೊಳ್ಳದೆ, ಹೋದಲ್ಲಿ ಜನ ಕೊಟ್ಟದ್ದನ್ನು ಉಂಡು ಪ್ರಚಾರ ಮಾಡಬೇಕೆಂಬುದು ಆಗಿನ ಅವರ ಪದ್ಧತಿ. ಅಮೆರಿಕದ ಹಳ್ಳಿಗಳಲ್ಲಿ ನಡೆದ ಆ ಪದ್ಧತಿ ಇಲ್ಲಿ ನಡೆಯಲಿಲ್ಲ. ಅವರ ಮಾತು ಬಹುಮಟ್ಟಿಗೆ ಬ್ರಿಟಿಷ್ ಸೈನಿಕರು ಹಾಗೂ ಇಂಗ್ಲಿಷ್ ಬಲ್ಲವರ ಸುತ್ತಲೇ ಸುತ್ತಿತು. ಪಂಗಡದಲ್ಲಿದ್ದ ಬಹುಪತ್ನಿತ್ವದ ಸುದ್ದಿ ಅವರಿಗಿಂತ ಮೊದಲೇ ಇಲ್ಲಿಗೆ ತಲುಪಿ ಬಿಳಿಯರ ಬಾಗಿಲುಗಳೂ ಮುಚ್ಚಿದವು. 1856ರ ಹೊತ್ತಿಗೆ ಬಹುತೇಕರು ಗಂಟುಮೂಟೆ ಕಟ್ಟಿದ್ದರು.

ಅದೇ 1853ರಲ್ಲಿ ಇನ್ನೊಬ್ಬ ಯುವಕ ಭಾರತಕ್ಕೆ ಬಂದರು. ವಯಸ್ಸು 21, ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮಗ. ಹೆಸರು ಫರ್ಡಿನಾಂಡ್ ಕಿಟ್ಟೆಲ್. ಆತ ಬಂದದ್ದೂ ಧರ್ಮಪ್ರಚಾರಕ್ಕೇ. ಆ ಕೆಲಸದಲ್ಲಿ ಆತ ಹೆಸರು ಮಾಡಲಿಲ್ಲ. ಆದರೆ ಇಂದು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ನಿಂತಿದೆ. ಒಂದೇ ಕಾಲದಲ್ಲಿ ಬಂದ ಇಬ್ಬಗೆಯ ಜನರಲ್ಲಿ ಒಂದು ತಂಡದ ಹೆಸರೂ ಉಳಿಯದೆ ಇನ್ನೊಂದು ತಂಡದವರು ಮನೆಮಾತಾದದ್ದು ಹೇಗೆಂದು ತಿಳಿಯಲು ಮಂಗಳೂರಿನಿಂದ ಆರಂಭಿಸಬೇಕು.

ಹುಡುಗಿಯನ್ನು ಕಾಣದ ಮದುವೆ, ಮಕ್ಕಳನ್ನು ಕಾಣದ ತಂದೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿಕೊಂಡಿತು. ಅದರಲ್ಲಿದ್ದವರು ಹೆಚ್ಚಾಗಿ ದಕ್ಷಿಣ ಜರ್ಮನಿಯವರು. ಕಂಪನಿ ಸರಕಾರ 1833ರ ಸನದಿನಲ್ಲಿ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ಕೊನೆಯಲ್ಲಿ ಸಾಮ್ಯುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರು ತಲುಪಿದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಬಂದ ಹಲವರು ಆಫ್ರಿಕಾ ಖಂಡವನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆಯಬೇಕಿತ್ತು. ಊರಿಗೆ ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಮಳೆಗಾಲ ಕಳೆದು ಬೇಸಿಗೆ ಬಂದಿರುತ್ತಿತ್ತು.

ಬಾಸೆಲಿನ ಆಡಳಿತ ಸಮಿತಿಯ ಶಿಸ್ತು ಬಿಗಿ. ಬಂದ ಹೊಸತರಲ್ಲಿ ಮದುವೆಯಾಗುವಂತಿಲ್ಲ. ಮೊದಲು ಭಾಷೆ ಕಲಿಯಬೇಕು, ಹವೆಗೆ ಒಗ್ಗಬೇಕು. ಆಮೇಲೆ ಸಮಿತಿಯ ಅನುಮತಿ ಕೇಳಬೇಕು. ಎಷ್ಟೋ ಸಲ ಕನ್ಯೆಯನ್ನು ಹುಡುಕುತ್ತಿದ್ದವರೂ ಊರಿನ ಹಿರಿಯರೇ. ಒಮ್ಮೆಯೂ ಮುಖ ನೋಡದ ವರನನ್ನು ಮದುವೆಯಾಗಲು ಜರ್ಮನಿಯ ಹುಡುಗಿಯರು ಹಡಗು ಹತ್ತಿ ಮಂಗಳೂರಿಗೆ ಬರುತ್ತಿದ್ದರು.

ಮಕ್ಕಳಾದ ಮೇಲೆ ಇನ್ನೊಂದು ಸಂಕಟ. ಶಾಲೆಯ ವಯಸ್ಸು ಬಂದ ಕೂಡಲೇ ಮಕ್ಕಳನ್ನು ಯುರೋಪಿಗೆ ಕಳಿಸಬೇಕೆಂಬುದು ನಿಯಮ. ಬಾಸೆಲಿನಲ್ಲಿ ಅದಕ್ಕಾಗಿಯೇ ಮಕ್ಕಳ ಮನೆ ಇತ್ತು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಮತ್ತೆ ಅದನ್ನು ನೋಡುವಾಗ ಅದು ಬೆಳೆದು ಅಪರಿಚಿತವಾಗಿರುತ್ತಿತ್ತು. ಹಲವರು ನೋಡಲೇ ಇಲ್ಲ. ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಈ ಮಿಷನ್ನಿನವರೇ. ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ ಎಳವೆಯಲ್ಲೇ ತಂದೆತಾಯಿಯರಿಂದ ದೂರವಾಗಿ ಬೆಳೆದವಳು. ಮುಂದೆ ಆಕೆಯ ಮಗ ಹರ್ಮನ್ ಹೆಸ್ಸೆ ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರನಾದ. ಹೆಸ್ಸೆಯ ತಂದೆಯೂ ಮಂಗಳೂರು ಸೀಮೆಯಲ್ಲಿ ಮಿಷನರಿಯಾಗಿದ್ದು, ಹವೆ ಒಗ್ಗದೆ ನಾಲ್ಕೇ ವರ್ಷದಲ್ಲಿ ಮರಳಿದವರು.

ಇಷ್ಟೆಲ್ಲ ತೆತ್ತು ಮಾಡಿದ ಪ್ರಚಾರಕ್ಕೆ ಸಿಕ್ಕ ಫಲ ಅವರೇ ನಿರೀಕ್ಷಿಸಿದ್ದಕ್ಕಿಂತ ತೀರ ಕಡಿಮೆ. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಮಾತಾಡಿದರೆ ಜನ ಸೇರುತ್ತಿದ್ದರು, ವಾದಿಸುತ್ತಿದ್ದರು, ನಗುತ್ತಿದ್ದರು, ಮನೆಗೆ ಹೋಗುತ್ತಿದ್ದರು.

ಮೋಗ್ಲಿಂಗ್: ಪತ್ರಿಕೆಯಿಂದ ಕಾಫಿ ತೋಟದವರೆಗೆ

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ (1811-1881) ಈ ಗುಂಪಿನಲ್ಲಿ ಬೇರೆಯೇ ಆಳು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಹುಬ್ಬಳ್ಳಿ, ಧಾರವಾಡದ ಕಡೆ ಇದ್ದು ಕನ್ನಡ ಕಲಿತರು. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅಷ್ಟರಲ್ಲಾಗಲೇ ಇಂಗ್ಲಿಷ್-ಕನ್ನಡ (1824) ಹಾಗೂ ಕನ್ನಡ-ಇಂಗ್ಲಿಷ್ (1832) ನಿಘಂಟುಗಳನ್ನು ಹೊರತಂದಿದ್ದರು. ಆದರೆ ಪುಸ್ತಕದ ಕನ್ನಡದಷ್ಟೇ ಬೀದಿಯ ಕನ್ನಡವೂ ಬೇಕೆಂಬುದು ಮೋಗ್ಲಿಂಗ್ ಅವರಿಗೆ ಬೇಗ ಅರ್ಥವಾಯಿತು.

1843ರ ಜುಲೈ 1ರಂದು ಅವರು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಆ ಪಾಕ್ಷಿಕದಲ್ಲಿ ಊರ ವರ್ತಮಾನ, ಸರಕಾರದ ಕಾನೂನು, ಕಥೆ, ಹಾಡು ಎಲ್ಲಕ್ಕೂ ಜಾಗವಿತ್ತು. ಒಂದು ವರ್ಷ ತುಂಬುವ ಮೊದಲೇ, 1844ರಲ್ಲಿ, ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅಲ್ಪಾಯುಷಿ ಪತ್ರಿಕೆಯೇ ಇರಬಹುದು. ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನಾಚರಣೆ ನಡೆಯುವುದು ಅದು ಹೊರಟ ಜುಲೈ 1ರಂದೇ.

ಅದಕ್ಕಿಂತ ದೊಡ್ಡ ಕೆಲಸ ಹಳೆಯ ಕಾವ್ಯಗಳ ಮುದ್ರಣ. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ 1848ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆ ಆರಂಭವಾಯಿತು. ತಾಳೆಗರಿಯಲ್ಲೂ ಬರಹದ ಕಟ್ಟುಗಳಲ್ಲೂ ಉಳಿದಿದ್ದ ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು ಅಚ್ಚಿಗೆ ಬಂದವು. ಭಜನಾ ಮಂಡಳಿಗಳಲ್ಲಿ ಹಾಡುವ ದಾಸರ ಪದಗಳನ್ನು 1850ರಲ್ಲಿ ಸಂಗ್ರಹಿಸಿ ಪುಸ್ತಕ ಮಾಡಿದವರು ಒಬ್ಬ ಕ್ರೈಸ್ತ ಪಾದ್ರಿ ಎಂದರೆ ಇಂದಿಗೂ ಕೆಲವರು ನಂಬುವುದಿಲ್ಲ. ಅವರ ಉದ್ದೇಶವೇನೂ ಗುಟ್ಟಲ್ಲ. ಈ ಜನಕ್ಕೆ ತನ್ನ ಮಾತು ತಲುಪಬೇಕಾದರೆ ಈ ಜನ ಏನನ್ನು ಹಾಡುತ್ತಾರೆಂದು ತಾನು ಮೊದಲು ತಿಳಿಯಬೇಕೆಂಬುದು ಅವರ ಲೆಕ್ಕಾಚಾರ. ಆದರೆ ಓದುತ್ತಾ ಓದುತ್ತಾ ಅವರು ಆ ಪದಗಳಿಗೆ ಸೋತರು. ಜರ್ಮನಿಗೆ ಮರಳಿದ ಮೇಲೂ ಅವನ್ನು ಜರ್ಮನ್ ಭಾಷೆಗೆ ಅನುವಾದಿಸಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೋಲದವನು ಅಷ್ಟು ದೂರ ಹೊತ್ತುಕೊಂಡು ಹೋಗುವುದಿಲ್ಲ.

ಇಳಿತವೂ ಹಿಂಬಾಲಿಸಿತು. ದಣಿದು ಊರಿಗೆ ಮರಳಬೇಕೆಂದಿದ್ದ ಮೋಗ್ಲಿಂಗ್, ದೀಕ್ಷೆ ಬಯಸಿ ಬಂದ ಕೊಡಗಿನವರೊಬ್ಬರ ಕಾರಣದಿಂದ 1853ರಲ್ಲಿ ಕೊಡಗಿಗೆ ನಡೆದರು. ಕೊಡಗಿನ ಬಗ್ಗೆ 1855ರಲ್ಲಿ ಇಂಗ್ಲಿಷ್ ಪುಸ್ತಕ ಬರೆದರು. ಆನಂದಪುರದಲ್ಲಿ ಕ್ರೈಸ್ತರಾದ ದಲಿತ ಕುಟುಂಬಗಳಿಗೆ ನೆಲೆ ಕಲ್ಪಿಸಿ ಕಾಫಿ ತೋಟಕ್ಕೆ ಕೈಹಾಕಿದರು. ತೋಟದೊಂದಿಗೆ ಖರ್ಚಿನ ಹೊರೆಯೂ ಬಂತು. ಇಷ್ಟರ ನಡುವೆ ಜೊತೆಗಾರರೂ ಬಂಧುವೂ ಆಗಿದ್ದ, ಬೈಬಲ್ಲಿನ ಕನ್ನಡ ಅನುವಾದದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ಪತ್ನಿ ಪೌಲೀನ್ ಮಕ್ಕಳೊಂದಿಗೆ ಒಂಟಿಯಾದರು. ಮೋಗ್ಲಿಂಗ್ ಮುಂದೆ ಅವರನ್ನೇ ವರಿಸಿದರು. ಆಕೆಯ ಆರೋಗ್ಯ ಕೆಟ್ಟದ್ದರಿಂದ 1860ರಲ್ಲಿ ಭಾರತ ಬಿಟ್ಟರು, ಮತ್ತೆ ಮರಳಲಿಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ಅದು ಎಷ್ಟು ಜನರನ್ನು ಮತಾಂತರಿಸಿದರೆಂದು ನೋಡಿ ಕೊಟ್ಟದ್ದಲ್ಲ, ಕನ್ನಡಕ್ಕೆ ಮಾಡಿದ ಕೆಲಸಕ್ಕೆ ಕೊಟ್ಟದ್ದು.

ಇಲ್ಲಿಂದ ಅಲ್ಲಿಗೆ ಹೋದವರು

ಮಿಷನರಿಯ ಕಷ್ಟವನ್ನಷ್ಟೇ ಹೇಳಿದರೆ ಕಥೆ ಅರ್ಧವಾಗುತ್ತದೆ. ಅವರ ಮಾತಿಗೆ ಓಗೊಟ್ಟವರ ಮನೆಗಳಲ್ಲಿ ಏನಾಯಿತೆಂಬುದೂ ಲೆಕ್ಕಕ್ಕೆ ಸೇರಬೇಕು.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಮೋಗ್ಲಿಂಗ್ ಅವರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ದೀಕ್ಷೆ ಪಡೆದಾಗ ಊರೇ ತಲ್ಲಣಿಸಿತು. ಹೆತ್ತವರಿಗೆ ಮಗ ಬದುಕಿದ್ದೂ ಇಲ್ಲದಂತಾದ. ಕೈಹಿಡಿದ ಪತ್ನಿ ಅವರ ಜೊತೆ ಹೋಗಲಿಲ್ಲ. 1846ರಲ್ಲಿ ಮೋಗ್ಲಿಂಗ್ ಅವರೊಡನೆ ಕೌಂಡಿನ್ಯ ಬಾಸೆಲಿಗೆ ಹೋದರು. ಸಮುದ್ರ ದಾಟುವುದೇ ಜಾತಿಭ್ರಷ್ಟತೆ ಎನ್ನುತ್ತಿದ್ದ ಕಾಲ. ಹಿಮ ಸುರಿಯುವ ಊರಿನಲ್ಲಿ, ಪರಭಾಷೆಯಲ್ಲಿ ಐದು ವರ್ಷ ಓದಿ 1851ರಲ್ಲಿ ಪಾದ್ರಿಪಟ್ಟ ಪಡೆದು ಮರಳಿದರು. ಮುಂದೆ ಜರ್ಮನ್ ಮಹಿಳೆಯನ್ನು ಮದುವೆಯಾದರು, ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. 1893ರಲ್ಲಿ ತೀರಿಕೊಂಡರು. ಜರ್ಮನಿಯಿಂದ ಬಂದವರು ಊರನ್ನು ಬಿಟ್ಟು ಬಂದಿದ್ದರು. ಕೌಂಡಿನ್ಯರು ಊರಿನಲ್ಲಿದ್ದೇ ಊರನ್ನು ಕಳೆದುಕೊಂಡರು.

ಬಡವರ ಪಾಡು ಬೇರೆ. ಹೊಸ ಮತಕ್ಕೆ ಸೇರಿದ ಕೂಡಲೇ ಗೇಣಿಯ ಜಮೀನೂ ಜಾತಿಯ ಕಸುಬೂ ಕೈತಪ್ಪುತ್ತಿತ್ತು. ಅವರಿಗೆ ಕೂಲಿ ಒದಗಿಸಲೆಂದೇ ಮಿಷನ್ ನೇಯ್ಗೆ, ಮುದ್ರಣ, ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ‘ಮಂಗಳೂರು ಹೆಂಚು’ ಎಂಬ ಹೆಸರು ಹುಟ್ಟಿದ್ದು ಹೀಗೆ. ಮತಾಂತರದ ಬಗ್ಗೆ ಓದುಗರಲ್ಲಿ ಭಿನ್ನ ಅಭಿಪ್ರಾಯಗಳಿರುವುದು ಸಹಜ. ಅದರಿಂದ ಮುರಿದ ಮನೆಗಳ ನೋವು ನಿಜ. ಜಾತಿಯ ಕಾಲಡಿಯಲ್ಲಿದ್ದ ಎಷ್ಟೋ ಮನೆಗಳಿಗೆ ಅಕ್ಷರವೂ ಕೆಲಸವೂ ದೊರೆತದ್ದೂ ಅಷ್ಟೇ ನಿಜ.

ಕಿಟ್ಟೆಲ್: ಮೆಚ್ಚುಗೆಯಿಲ್ಲದ ದುಡಿಮೆ

ಇನ್ನು ಕಿಟ್ಟೆಲ್ (1832-1903). ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಅವರ ಸೇವೆ ನಡೆಯಿತು. ಸಭೆಯಲ್ಲಿ ಗರ್ಜಿಸುವ ಸ್ವಭಾವ ಅವರದಲ್ಲ. ಪಂಡಿತರ ಜೊತೆ ಕುಳಿತು ಹಳಗನ್ನಡ ಓದುವುದು, ಛಂದಸ್ಸು ಬಿಡಿಸುವುದು, ಹಾಡು ಕೇಳುವುದು ಅವರ ಒಲವು. ಮಿಷನ್ನಿನ ಒಳಗೆ ಇದು ಎಲ್ಲರಿಗೂ ಹಿಡಿಸಲಿಲ್ಲ. ಮಾಡಬೇಕಾದ ಕೆಲಸ ಬಿಟ್ಟು ಬೇರೆಯದಕ್ಕೆ ಹೊತ್ತು ಹಾಕುತ್ತಿದ್ದಾರೆಂಬ ಅಸಮಾಧಾನವಿತ್ತು. ಒಟ್ಟಿಗೆ ಬಂದವರ ನಡುವೆಯೇ ಅವರು ಒಂಟಿಯಾದರು.

ಮನೆಯಲ್ಲೂ ಸುಖ ಹೆಚ್ಚು ದಿನ ನಿಲ್ಲಲಿಲ್ಲ. 1860ರಲ್ಲಿ ಮದುವೆಯಾದ ಪತ್ನಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಬಳಿಕ ಆಕೆಯ ತಂಗಿಯನ್ನು ವಿವಾಹವಾದರು. ಈ ನಡುವೆಯೂ ಕೆಲಸ ನಿಲ್ಲಲಿಲ್ಲ. 1862ರಲ್ಲಿ ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಹೊರತಂದರು.

ನಿಘಂಟಿನ ಕೆಲಸ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಯಿತು. ಕಾವ್ಯಗಳಿಂದ, ಶಾಸ್ತ್ರಗ್ರಂಥಗಳಿಂದ ಪದ ಆರಿಸುವುದು ಒಂದು ಕಡೆ. ರೈತರು, ಕುಶಲಕರ್ಮಿಗಳು, ಹೆಂಗಸರು ಆಡುವ ಮಾತು ಕೇಳಿ ಬರೆದಿಟ್ಟುಕೊಳ್ಳುವುದು ಇನ್ನೊಂದು ಕಡೆ. ಗಾದೆಗಳಿಗೂ ಅದರಲ್ಲಿ ಧಾರಾಳ ಜಾಗ. ಸ್ಥಳೀಯ ಪಂಡಿತರು, ಮುನ್ಷಿಗಳು ನೆರವಾಗದಿದ್ದರೆ ಈ ಕೆಲಸ ಸಾಗುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಜರ್ಮನಿಗೆ ಮರಳಿದ್ದ ಕಿಟ್ಟೆಲ್, ಕನ್ನಡದ ನಡುವೆ ಇರದೆ ಕನ್ನಡ ನಿಘಂಟು ಪೂರ್ತಿಯಾಗದೆಂದು ಕಂಡುಕೊಂಡು 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಮತ್ತೆ ಬಂದರು. ಐವತ್ತು ದಾಟಿದ ವಯಸ್ಸು, ಸೋತ ಆರೋಗ್ಯ. 1892ರಲ್ಲಿ ಕೊನೆಯ ಬಾರಿಗೆ ಹೊರಟರು.

ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಪ್ರಕಟವಾಯಿತು. 1,752 ಪುಟ, ಸುಮಾರು 70 ಸಾವಿರ ಪದ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೂ ಡಾಕ್ಟರೇಟ್ ಗೌರವ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ಕಣ್ಣುಮುಚ್ಚಿದರು. ಮುಂದೆ ಎಂ. ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿದರು. ಮದ್ರಾಸು ವಿಶ್ವವಿದ್ಯಾಲಯ 1968-71ರಲ್ಲಿ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಮೊದಲ ಮಹಾಯುದ್ಧ ಮಿಷನ್ನಿನ ಮೇಲೂ ಎರಗಿತು. 1914ರಲ್ಲಿ ಜರ್ಮನರೆಲ್ಲ ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ತಲೆಮಾರುಗಟ್ಟಲೆ ಇಲ್ಲಿ ದುಡಿದ ಸಂಸ್ಥೆಯ ಜರ್ಮನ್ ಮಿಷನರಿಗಳು ಸೆರೆಶಿಬಿರ ಸೇರಿದರು, ಬಳಿಕ ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಕಟ್ಟಡ, ಹಣ, ಅಧಿಕಾರ ಎಲ್ಲವನ್ನೂ ಸರಕಾರ ಕಿತ್ತುಕೊಳ್ಳಬಲ್ಲದಾಗಿತ್ತು. ನಿಘಂಟನ್ನು ಕಿತ್ತುಕೊಳ್ಳುವುದು ಯಾರಿಂದಲೂ ಆಗಲಿಲ್ಲ.

ಜಮಾ-ಖರ್ಚು

ಈಗ ಲೆಕ್ಕ ತೆಗೆದರೆ ಚಿತ್ರ ಸ್ಪಷ್ಟವಾಗುತ್ತದೆ. ಯಾವುದಕ್ಕಾಗಿ ಬಾಸೆಲ್ ಸಮಿತಿ ಇವರನ್ನು ಕಳಿಸಿತ್ತೋ ಅದರಲ್ಲಿ ಫಲ ಅಲ್ಪ. ಯಾವುದನ್ನು ಕೆಲಸವಲ್ಲವೆಂದು ಹಲವರು ಗೊಣಗಿದರೋ ಅದೇ ಶಾಶ್ವತವಾಯಿತು. ಕೊಡಲು ಬಂದವರು ಮೊದಲು ಪಡೆಯಲು ಕುಳಿತರು. ಹೇಳಲು ಬಂದವರು ಮೊದಲು ಕೇಳಿದರು. 1853ರ ಮಾರ್ಮನ್ ತಂಡಕ್ಕೆ ಇದಕ್ಕೆ ವ್ಯವಧಾನವೂ ಅನುಕೂಲವೂ ಇರಲಿಲ್ಲ, ಹಾಗಾಗಿ ಬಂದ ದಾರಿಯಲ್ಲೇ ಹೋದರು. ಇಂದು ಆ ಪಂಗಡವೂ ತನ್ನ ಯುವಕರನ್ನು ಭಾಷೆ ಕಲಿಸಿಯೇ ಕಳಿಸುತ್ತದೆ.

ಈ ಮಾತು ಧರ್ಮಪ್ರಚಾರಕರಿಗಷ್ಟೇ ಸಲ್ಲುವಂಥದ್ದಲ್ಲ. ಹಿಮಾಯತ್‌ನಗರ, ನಾರಾಯಣಗುಡ, ಬರ್ಕತ್‌ಪುರ, ಕಾಚಿಗುಡದ ಸುತ್ತ ನೆಲೆಸಿದ ಕನ್ನಡ ಕುಟುಂಬಗಳಿಗೂ ಇದರಲ್ಲಿ ಪಾಠವಿದೆ. ಇಪ್ಪತ್ತು ವರ್ಷ ಹೈದರಾಬಾದಿನಲ್ಲಿದ್ದೂ ತೆಲುಗು ಪತ್ರಿಕೆಯ ತಲೆಬರಹ ಓದಲಾರದವರು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಎರಡೂ ಲಿಪಿಗಳು ಅಕ್ಕತಂಗಿಯರಂತೆ, ಒಂದು ತಿಂಗಳು ಮನಸ್ಸಿಟ್ಟರೆ ಓದು ಬರುತ್ತದೆ. ಮತ್ತೊಂದು ಕಡೆ ಮನೆಯಲ್ಲಿ ಕನ್ನಡ ಮಾತಾಡಿದರೂ ಕನ್ನಡ ಅಕ್ಷರ ಬಾರದ ಮಕ್ಕಳು ಬೆಳೆಯುತ್ತಿದ್ದಾರೆ. ಹೊರಗಿನ ಭಾಷೆ ಕಲಿಯದ ಹಿರಿಯರು, ಮನೆಯ ಭಾಷೆ ಓದದ ಕಿರಿಯರು. ಈ ಎರಡೂ ಕೊರತೆಗೆ ಮದ್ದು ಒಂದೇ, ಕುಳಿತು ಕಲಿಯುವ ತಾಳ್ಮೆ.

ಕನ್ನಡ ಸಂಘಗಳು ನವೆಂಬರಿನಲ್ಲಿ ರಾಜ್ಯೋತ್ಸವವನ್ನು ಸಂಭ್ರಮದಿಂದ ಆಚರಿಸುತ್ತವೆ. ಅದರ ಜೊತೆಗೆ ಜುಲೈ 1ಕ್ಕೂ ಒಂದು ಸಂಜೆಯನ್ನು ಮೀಸಲಿಡಬಹುದು. ಹಾರ, ಶಾಲು, ಭಾಷಣ ಬೇಕಿಲ್ಲ. ಹಿರಿಯರು ತಮ್ಮ ಊರಿನ ಹತ್ತು ಪದಗಳನ್ನು ಹೇಳಲಿ. ಬೀದರಿನದೊಂದು, ಕುಂದಾಪುರದದೊಂದು, ಚಾಮರಾಜನಗರದದೊಂದು. ಮಕ್ಕಳು ಅವನ್ನು ಕಿಟ್ಟೆಲ್ ನಿಘಂಟಿನಲ್ಲಿ ಹುಡುಕಲಿ. ಸಿಕ್ಕರೆ ಓದಿ ಹೇಳಲಿ. ಸಿಗದಿದ್ದರೆ ಅರ್ಥ ಕೇಳಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಆ ಜರ್ಮನ್ ಪಾದ್ರಿ ಮಾಡಿದ್ದೂ ಇಷ್ಟೇ.